ಶಾರ್ಟ್ ಸೈಕ್ಲಿಂಗ್

ಶಾರ್ಟ್ ಸೈಕ್ಲಿಂಗ್ ಎಂದರೆ ಫ್ರಿಜ್, ಹವಾನಿಯಂತ್ರಕ ಅಥವಾ ಮನೆ ಬಿಸಿಮಾಡುವ ಯಂತ್ರವು ತನ್ನ ಕೆಲಸ ಪೂರೈಸುವ ಮೊದಲೇ ನಿಂತು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಚಾಲನೆಗೊಳ್ಳುತ್ತಿರುವ ದೋಷ. ಥರ್ಮೋಸ್ಟಾಟ್ ಹೊಂದಿದ ಯಂತ್ರಗಳು ಆಗಾಗ ನಿಂತು ನಡೆಯುವುದು ಸಹಜ. ತಾಪಮಾನಕ್ಕೆ ಸಂಬಂಧಿಸದ ಕಾರಣದಿಂದ ನಿಂತರೆ, ಅಥವಾ ನಿಗದಿತ ತಾಪಮಾನವನ್ನು ಅತಿ ಬೇಗ ತಲುಪಿ ನಿಂತರೆ ಮಾತ್ರ ಅದು ದೋಷವೆನಿಸುತ್ತದೆ.

ಕಂಪ್ರೆಸರ್‌ನ ಮೇಲಿನ ಪರಿಣಾಮ

ಇನ್ವರ್ಟರ್ ತಂತ್ರಜ್ಞಾನವಿಲ್ಲದ ಕಂಪ್ರೆಸರ್‌ನ ಮೋಟಾರು, ಚಾಲನೆಯ ಮೊದಲ ಕ್ಷಣದಲ್ಲಿ ವಾಡಿಕೆಗಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಯಂತ್ರ ನಿಂತಾಗ ಕೊಳವೆಗಳಲ್ಲಿನ ಶೀತಕದ ಒತ್ತಡ ಎರಡೂ ಬದಿಯಲ್ಲಿ ಸಮವಾಗಲು ಕೆಲವು ನಿಮಿಷಗಳು ಬೇಕು. ಅದಕ್ಕೂ ಮೊದಲೇ ಚಾಲನೆ ದೊರೆತರೆ ಮೋಟಾರು ತಿರುಗಲಾರದೆ ಕಾಯುತ್ತದೆ; ಓವರ್‌ಲೋಡ್ ರಕ್ಷಕವು 'ಟಿಕ್' ಎಂಬ ಸದ್ದಿನೊಡನೆ ವಿದ್ಯುತ್ತನ್ನು ಕಡಿದುಹಾಕುತ್ತದೆ. ಇದು ದಿನಗಟ್ಟಲೆ ಮರುಕಳಿಸಿದರೆ ಸುರುಳಿಯ ನಿರೋಧಕ ಲೇಪ ಸುಟ್ಟು ಕಂಪ್ರೆಸರ್ ಕೆಡುತ್ತದೆ. ಹವಾನಿಯಂತ್ರಕಗಳಲ್ಲಿಯೂ ಹಲವು ಸ್ಟೆಬಿಲೈಸರ್‌ಗಳಲ್ಲಿಯೂ ಸುಮಾರು 3 ನಿಮಿಷಗಳ ವಿಳಂಬ ಇರುವುದು ಇದನ್ನು ತಡೆಯಲೆಂದೇ.

ಮಲೆನಾಡಿನಲ್ಲಿ

ಹಾಸನ ಜಿಲ್ಲೆಯ ವನಗೂರು, ಬಿಸಿಲೆ ಮೊದಲಾದ ತಂಪು ಪ್ರದೇಶಗಳಲ್ಲಿ ಹವಾನಿಯಂತ್ರಕದ ಅಗತ್ಯ ಕಡಿಮೆ. ಇಲ್ಲಿ ಈ ದೋಷ ಕಾಣುವುದು ಹೆಚ್ಚಾಗಿ ಫ್ರಿಜ್‌ನಲ್ಲಿ. ಕಾಫಿ ತೋಟಗಳ ನಡುವಿನ ಒಂಟಿ ಮನೆಗಳು ಟ್ರಾನ್ಸ್‌ಫಾರ್ಮರ್‌ನಿಂದ ದೂರವಿದ್ದರೆ, ಉದ್ದನೆಯ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ ಕಾಫಿ ಹೂವಿಗಾಗಿ ತುಂತುರು ನೀರಾವರಿಯ ವಿದ್ಯುತ್ ಪಂಪುಗಳು ಅದೇ ಮಾರ್ಗದಲ್ಲಿ ನಡೆದರೆ ಕುಸಿತ ಇನ್ನಷ್ಟು ಹೆಚ್ಚುತ್ತದೆ. ಆಗ ಒಂದು ವಿಷವರ್ತುಲ ಆರಂಭವಾಗುತ್ತದೆ: ಕಂಪ್ರೆಸರ್ ಚಾಲನೆಗೊಂಡೊಡನೆ ವೋಲ್ಟೇಜ್ ಮತ್ತಷ್ಟು ಇಳಿಯುತ್ತದೆ, ಸ್ಟೆಬಿಲೈಸರ್ ಸಂಪರ್ಕ ಕಡಿಯುತ್ತದೆ, ಹೊರೆ ತಪ್ಪಿದೊಡನೆ ವೋಲ್ಟೇಜ್ ಏರುತ್ತದೆ, ಸಂಪರ್ಕ ಮರಳುತ್ತದೆ, ಮತ್ತೆ ಅದೇ ಕುಸಿತ. ವೋಲ್ಟೇಜನ್ನು ಏರಿಸಿ ಕೊಡುವ ಸ್ಟೆಬಿಲೈಸರ್ ಮಾರ್ಗದಿಂದ ಹೆಚ್ಚು ವಿದ್ಯುತ್ ಎಳೆಯುವುದರಿಂದ, ದುರ್ಬಲ ಮಾರ್ಗಕ್ಕೆ ಅದೂ ಒಂದು ಹೊರೆಯೇ. ಮಳೆಗಾಲದ ತೇವಕ್ಕೆ ತುಕ್ಕು ಹಿಡಿದ ಅಥವಾ ಸಡಿಲಗೊಂಡ ತಂತಿಯ ಜೋಡಣೆಯಿಂದಲೂ ಹೀಗಾಗಬಹುದು.

ಇಂತಹ ಸಂದರ್ಭದಲ್ಲಿ ಹೊಸ ಫ್ರಿಜ್ ಕೊಂಡರೂ ತೊಂದರೆ ಮುಂದುವರಿಯುತ್ತದೆ. ಸ್ಟೆಬಿಲೈಸರ್ ಪದೇ ಪದೇ ಸಂಪರ್ಕ ಕಡಿಯುತ್ತಿದ್ದರೆ ಮೊದಲು ಪರಿಶೀಲಿಸಬೇಕಾದದ್ದು ವಿದ್ಯುತ್ ಪೂರೈಕೆಯನ್ನು. ಅದು ಸ್ಥಿರವಾಗಿದ್ದು ಫ್ರಿಜ್‌ನಿಂದ ಮಾತ್ರ 'ಟಿಕ್' ಸದ್ದು ಬರುತ್ತಿದ್ದರೆ ರಿಲೇ ಅಥವಾ ಕಂಪ್ರೆಸರ್ ಕೆಟ್ಟಿರುವ ಸಂಭವವೇ ಹೆಚ್ಚು. ಕಂಪ್ರೆಸರ್ ಚಾಲನೆಗೊಳ್ಳುವ ಕ್ಷಣದಲ್ಲಿ ಪ್ಲಗ್ಗಿನ ಬಳಿ ವೋಲ್ಟೇಜ್ 230ರಿಂದ ಎಷ್ಟು ಇಳಿಯುತ್ತದೆಂದು ಎಲೆಕ್ಟ್ರಿಷಿಯನ್ ಅಳೆದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ.

ಹವಾನಿಯಂತ್ರಕಗಳಲ್ಲಿ

ಹವಾನಿಯಂತ್ರಕದ ಬಳಕೆ ಹೆಚ್ಚಿರುವ ಮಂಗಳೂರಿನಂತಹ ಕರಾವಳಿ ನಗರಗಳಲ್ಲಿ ಮುಖ್ಯ ಕಾರಣಗಳು ಬೇರೆ. 1 ಟನ್ ಸಾಕಾಗುವ ಕೋಣೆಗೆ 2 ಟನ್ ಯಂತ್ರ ಅಳವಡಿಸಿದರೆ ಗಾಳಿ ಬೇಗನೆ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ. ಆದರೆ ತೇವಾಂಶವು ಸುರುಳಿಯ ಮೇಲೆ ನೀರಾಗಿ ಹನಿದು ಹೊರಹೋಗಲು ಹೆಚ್ಚು ಹೊತ್ತು ಬೇಕು. ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಆ ನೀರು ಮತ್ತೆ ಆವಿಯಾಗಿ ಕೋಣೆಗೇ ಮರಳುತ್ತದೆ. ತಣ್ಣಗಿದ್ದರೂ ಸೆಕೆ ಹೋಗುವುದಿಲ್ಲ. ಧೂಳು ತುಂಬಿದ ಫಿಲ್ಟರ್, ಶೀತಕದ ಸೋರಿಕೆ ಇತರ ಕಾರಣಗಳು.

ಬಿಸಿಮಾಡುವ ಯಂತ್ರಗಳಲ್ಲಿ

ಚಳಿ ದೇಶಗಳಲ್ಲಿ ಮನೆ ಬಿಸಿಮಾಡುವ ಫರ್ನೇಸ್‌ಗಳು ಫಿಲ್ಟರ್ ಕಟ್ಟಿಕೊಂಡರೆ ಅತಿಯಾಗಿ ಕಾಯುತ್ತವೆ. ಆಗ ಸುರಕ್ಷತಾ ಸ್ವಿಚ್ ಉರಿಯನ್ನು ಆರಿಸುತ್ತದೆ. ಕರ್ನಾಟಕದ ಮನೆಗಳಲ್ಲಿರುವ ವಿದ್ಯುತ್ ಗೀಸರ್‌ನಲ್ಲಿ ಕಂಪ್ರೆಸರ್ ಇಲ್ಲದ ಕಾರಣ ಹಾನಿ ಕಡಿಮೆ. ಥರ್ಮೋಸ್ಟಾಟ್‌ನ ಸಂಪರ್ಕಬಿಂದುಗಳು ಬೇಗ ಸವೆಯುತ್ತವೆ.