ಪಂಪು ಸ್ಟಾರ್ಟರಿನ 12 ವೋಲ್ಟು ಸರಬರಾಜಿನ ದೋಷ

ಮೂರು ಫೇಸುಗಳೂ ಸರಿಯಾಗಿದ್ದು ಸ್ಟಾರ್ಟರಿನ ರಿಲೇ ಪಟಪಟನೆ ಬಡಿದು ಪಂಪು ನಿಂತಲ್ಲಿ, ಪೈರು ಒಣಗೀತೆಂಬ ಭಯದಿಂದ ಮೋಟಾರನ್ನೇ ಮೇಲೆತ್ತಿಸಿ ಹಣ ವ್ಯಯಮಾಡುವವರು ಬಹಳ. ಮೊದಲು ಎಲೆಕ್ಟ್ರಾನಿಕ್ ಫಲಕಕ್ಕೆ 12 ವೋಲ್ಟು ಒದಗಿಸುವ ಭಾಗವನ್ನು ನುರಿತ ಮೆಕ್ಯಾನಿಕನಿಂದ ಪರೀಕ್ಷೆ ಮಾಡಿಸತಕ್ಕದ್ದು. ಮಲ್ಟಿಮೀಟರು ಡಿ.ಸಿ. ಸರಾಸರಿಯನ್ನು ಮಾತ್ರ ಹೇಳುವುದರಿಂದ, 12ಕ್ಕೆ ಸಮೀಪವಾದ ಅಂಕಿಯನ್ನು ಕಂಡು ನಂಬಲಾಗದು. ರೆಕ್ಟಿಫೈಯರಿನಿಂದ ಹೊರಟ ವಿದ್ಯುತ್ತನ್ನು ಆಸಿಲೋಸ್ಕೋಪಿನಲ್ಲಿ ನೋಡಿದರೆ ನಿಜವು ತಿಳಿಯುವುದು. ಸೆಕೆಂಡಿಗೆ 100 ಅಲೆಗಳಿದ್ದು ಅವು ಬಹಳ ಆಳವಾಗಿದ್ದರೆ ಪ್ರಾಯಶಃ ಕೆಪಾಸಿಟರು ಒಣಗಿದೆ. 50 ಮಾತ್ರವಿದ್ದರೆ ಡಯೋಡೊಂದು ಕೆಲಸ ಬಿಟ್ಟಿದೆ. 7812 ಎಂಬ ರೆಗ್ಯುಲೇಟರಿದ್ದಲ್ಲಿ, ಅದರೊಳಕ್ಕೆ ಬರುವ ವೋಲ್ಟೇಜು ಅಲೆಯ ತಳದಲ್ಲಿಯೂ 14.5ಕ್ಕಿಂತ ಕೆಳಗಿಳಿಯಕೂಡದು. ಕೆಪಾಸಿಟರಾಗಲಿ ಡಯೋಡಾಗಲಿ ಅಲ್ಪ ಬೆಲೆಯ ವಸ್ತು. ಆಸಿಲೋಸ್ಕೋಪಿನ ಅರ್ತಿನ ಕೊಂಡಿಯನ್ನು ಟ್ರಾನ್ಸ್‌ಫಾರ್ಮರಿನ ಮೇನ್ಸ್ ಪಕ್ಕಕ್ಕೆ ಎಂದಿಗೂ ತಗುಲಿಸಬಾರದು, ಪ್ರಾಣಾಪಾಯವುಂಟು.