ಹಸುಗೂಸಿಗೆ ಹಬ್ಬದ ಉಡುಗೊರೆ: ಕೊಳ್ಳುವ ಮುಂಚೆ ಒಂದು ಮಾತು ಕೇಳೋಣ

ಹೋದ ರಂಜಾನ್ ತಿಂಗಳಲ್ಲಿ ನಮ್ಮ ತರಗತಿಯ ಹದಿನಾಲ್ಕು ಜನ ತಲೆಗೆ 150 ರೂಪಾಯಿಯಂತೆ 2,100 ರೂಪಾಯಿ ಸೇರಿಸಿದೆವು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು. ಮಗುವಿನ ತಂದೆ ಗಾರೆ ಕೆಲಸಕ್ಕೆ ಹೋಗುತ್ತಾರೆ, ಕೆಲಸ ಇದ್ದ ದಿನ ಮಾತ್ರ ಕೂಲಿ. ಹಬ್ಬಕ್ಕೆ ಆ ಮಗುವಿಗೆ ಏನಾದರೂ ಕೊಡಬೇಕು ಎಂದು ಎಲ್ಲರೂ ಒಪ್ಪಿದೆವು. ಏನು ಕೊಡಬೇಕು ಎಂದು ಮಾತ್ರ ಯಾರನ್ನೂ ಕೇಳಲಿಲ್ಲ.

ನಾವು ಕೊಂಡದ್ದು ಇಷ್ಟು: ಮಣಿ ಹಚ್ಚಿದ ನೆಟ್ ಫ್ರಾಕ್ 550, ಹಾಲಿನ ಬಾಟಲಿ ಸೆಟ್ 350, ಹಾಲಿನ ಪುಡಿ ಡಬ್ಬಿ 450, ಪೌಡರ್ ಮತ್ತು ಕಾಡಿಗೆ ಇದ್ದ ಗಿಫ್ಟ್ ಬಾಕ್ಸ್ 750. ಲೆಕ್ಕ ಒಂದು ರೂಪಾಯಿಯೂ ತಪ್ಪಲಿಲ್ಲ. ಬಣ್ಣದ ಕಾಗದ ಸುತ್ತಿ, ಮಗುವಿಗೆ ಹನ್ನೆರಡು ದಿನವಾಗಿದ್ದಾಗ ಕೊಟ್ಟು ಬಂದೆವು.

ಒಂಬತ್ತು ದಿನ ಬಿಟ್ಟು ಅಮ್ಮಿಯ ಜೊತೆ ಆ ಮನೆಗೆ ಹೋದೆ. ನಮ್ಮ ಬಾಕ್ಸ್ ಕಾಗದ ಸಮೇತ ಅಟ್ಟದ ಮೇಲಿತ್ತು. ಮಗುವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿದ್ದರು. ಒಗೆದ ಬಟ್ಟೆ ಒಣಗಿರಲಿಲ್ಲ, ಬದಲಿಸಲು ಬೇರೆ ಬಟ್ಟೆ ಇರಲಿಲ್ಲ. ಅದೇ ಹೊತ್ತಿಗೆ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ ಬಂದರು. ಅವರು ನಮ್ಮ ಡಬ್ಬಿಯನ್ನು ನೋಡಿ ಬೈಯಲಿಲ್ಲ. "ಇದನ್ನ ಕೊಟ್ಟಿದ್ದು ಯಾರಮ್ಮ? ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ" ಅಂದರು, ಅಷ್ಟೇ. ಆ ದಿನದಿಂದ ನಾನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾಲಿನ ಡಬ್ಬಿ, ಬಾಟಲಿ ಏಕೆ ಬೇಡ

ಹುಟ್ಟಿದ ಮಗುವಿಗೆ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ತಾಯಿಗೆ ಊರುತ್ತದೆ. ಡಬ್ಬಿ ಹಾಲು ಕುಡಿದ ಮಗು ತಾಯಿಯ ಹತ್ತಿರ ಕಡಿಮೆ ಕುಡಿಯುತ್ತದೆ, ತಾಯಿಯ ಹಾಲು ಕಡಿಮೆಯಾಗುತ್ತಾ ಹೋಗುತ್ತದೆ.

ಈಗ ವಾಣಿಜ್ಯ ವಿಭಾಗದವರಂತೆ ಲೆಕ್ಕ ಹಾಕೋಣ. ಡಬ್ಬಿ ಹಾಲನ್ನೇ ನಂಬಿದ ಮಗುವಿಗೆ 400 ಗ್ರಾಮಿನ ಡಬ್ಬಿ ಒಂದು ವಾರ ಬಂದರೆ ಹೆಚ್ಚು. ಮುಂದಿನ ವಾರದ ಡಬ್ಬಿಯನ್ನು ನಾವು ಕೊಡುವುದಿಲ್ಲ, ಆ ಮನೆಯವರು ಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲದಾಗ ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಬೆರೆಸುತ್ತಾರೆ, ಮಗು ಸೊರಗುತ್ತದೆ. ಅಂದರೆ ನಾವು ಒಮ್ಮೆ ಖರ್ಚು ಮಾಡಿ, ಬಡ ಮನೆಗೆ ಪ್ರತಿ ವಾರದ ಖರ್ಚನ್ನು ಹಚ್ಚಿ ಬಂದ ಹಾಗಾಯಿತು. ಬಾಟಲಿಯದು ಇನ್ನೊಂದು ತೊಂದರೆ. ಅದರ ಕತ್ತು, ನಿಪ್ಪಲ್ಲು ತೊಳೆಯುವುದು ಕಷ್ಟ. ಪ್ರತಿ ಸಲ ಕುದಿಸದಿದ್ದರೆ ಮಗುವಿಗೆ ಭೇದಿಯಾಗುತ್ತದೆ.

ಇದಕ್ಕೆ ಕಾನೂನೇ ಇದೆ ಎಂಬುದು ನಮಗೆ ಗೊತ್ತಿರಲಿಲ್ಲ. ಶಿಶುಗಳ ಹಾಲಿನ ಪುಡಿ ಮತ್ತು ಹಾಲುಣಿಸುವ ಬಾಟಲಿಗಳ ಬಗ್ಗೆ 1992ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ತಂದಿದೆ, 2003ರಲ್ಲಿ ಅದಕ್ಕೆ ತಿದ್ದುಪಡಿಯಾಗಿದೆ. ಅನಾಥಾಲಯದಂಥ ಕೆಲವು ಕಡೆ ಬಿಟ್ಟರೆ ಇವುಗಳನ್ನು ದಾನ ಕೊಡುವುದನ್ನು ಅದು ನಿಷೇಧಿಸುತ್ತದೆ. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಮಗುವಿಗೆ ಉತ್ತಮ ಎಂದು ಅಚ್ಚು ಹಾಕಲೇಬೇಕು. ನಾವು ತಂದ ಡಬ್ಬಿಯ ಮೇಲೂ ಆ ಸಾಲು ಇತ್ತು. ಹದಿನಾಲ್ಕು ಜನರಲ್ಲಿ ಒಬ್ಬರೂ ಓದಿರಲಿಲ್ಲ.

ಕೆಲವು ತಾಯಂದಿರಿಗೆ ಹಾಲುಣಿಸಲು ಆಗುವುದಿಲ್ಲ, ಅದು ಅವರ ತಪ್ಪಲ್ಲ. ಅಂಥ ಮಗುವಿಗೆ ಯಾವ ಹಾಲು, ಎಷ್ಟು, ಹೇಗೆ ಎಂದು ವೈದ್ಯರು ಹೇಳುತ್ತಾರೆ. ಹೆಚ್ಚಾಗಿ ಬಾಟಲಿ ಬಿಟ್ಟು ಒಳಲೆಯಲ್ಲೋ ಚಮಚದಲ್ಲೋ ಕುಡಿಸಲು ಹೇಳುತ್ತಾರೆ. ಅಲ್ಲಿ ನಮ್ಮ ಕೆಲಸ ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ ನೆರವಾಗುವುದು. ಡಬ್ಬಿಯನ್ನು ನಾವೇ ಆರಿಸುವುದು ಬೇಡ.

ಮಡಿಲು ಕಿಟ್‌ನಿಂದ ಕಲಿಯೋಣ

ಏನು ಕೊಡಬೇಕು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಪಟ್ಟಿ ಇದೆ. 2007ರಲ್ಲಿ ಕರ್ನಾಟಕ ಸರ್ಕಾರ ‘ಮಡಿಲು’ ಯೋಜನೆ ಶುರುಮಾಡಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಿಪಿಎಲ್ ಕುಟುಂಬದ ತಾಯಿಗೆ 19 ಸಾಮಾನುಗಳ ಒಂದು ಚೀಲ. ಅದರಲ್ಲಿ ಸೊಳ್ಳೆ ಪರದೆ, ಹೊದಿಕೆ, ಮಗುವಿನ ರಬ್ಬರ್ ಶೀಟ್, ಸ್ವೆಟರ್, ಟೋಪಿ, ಕಾಲುಚೀಲ, ಸೋಪು ಇದ್ದವು. ತಾಯಿಗೆಂದೇ ಹೊಟ್ಟೆಗೆ ಕಟ್ಟುವ ಬಟ್ಟೆ, ಸ್ಯಾನಿಟರಿ ಪ್ಯಾಡ್, ಕೊಬ್ಬರಿ ಎಣ್ಣೆ, ಬಾಚಣಿಗೆ ಕೂಡ ಇದ್ದವು.

ದೂರದ ಫಿನ್‌ಲೆಂಡ್ ದೇಶ 1938ರಿಂದಲೇ ಬಡ ತಾಯಂದಿರಿಗೆ ಇಂಥ ಒಂದು ಪೆಟ್ಟಿಗೆ ಕೊಡಲು ಶುರುಮಾಡಿತು. 1949ರಿಂದ ಬಡವರು ಶ್ರೀಮಂತರು ಎನ್ನದೆ ಎಲ್ಲ ತಾಯಂದಿರಿಗೂ ಕೊಟ್ಟಿತು. ಎಲ್ಲರಿಗೂ ಒಂದೇ ಪೆಟ್ಟಿಗೆ ಸಿಕ್ಕರೆ ತೆಗೆದುಕೊಳ್ಳುವವರು ತಲೆ ತಗ್ಗಿಸಬೇಕಾಗಿಲ್ಲ.

ಎರಡೂ ಪಟ್ಟಿಗಳಲ್ಲಿ ಮಣಿ ಹಚ್ಚಿದ ಫ್ರಾಕ್ ಇಲ್ಲ. ಮಗುವನ್ನು ಬೆಚ್ಚಗೆ, ಒಣಗಿದ ಬಟ್ಟೆಯಲ್ಲಿ, ಸೊಳ್ಳೆ ಕಚ್ಚದಂತೆ ಇಡುವ ಸಾಮಾನುಗಳೇ ಇವೆ. ನಮ್ಮ ಕಡೆ ಬಸುರಿಗೆ, ಬಾಣಂತಿಗೆ ಮಡಿಲು ತುಂಬುತ್ತಾರೆ. ತಾಯಿಯ ಮಡಿಲು ತುಂಬಿದರೆ ಮಗುವಿಗೆ ಕೊಟ್ಟ ಹಾಗೆಯೇ ಎಂದು ಆ ಹೆಸರಿಟ್ಟವರಿಗೆ ಗೊತ್ತಿತ್ತು.

ವಯಸ್ಸಿಗೆ ತಕ್ಕ ಉಡುಗೊರೆ

ಮೊದಲ ನಲವತ್ತು ದಿನ: ನಮ್ಮ ಮನೆಗಳಲ್ಲಿ ಇದನ್ನು ಚಿಲ್ಲಾ ಅನ್ನುತ್ತೇವೆ. ಹತ್ತಿಯ ಮೆತ್ತನೆ ಬಟ್ಟೆ, ಮುಂದೆ ದಾರ ಕಟ್ಟುವ ಜಬ್ಲಾ, ಲಂಗೋಟಿ, ಕುಲಾವಿ, ಸೊಳ್ಳೆ ಪರದೆ ಕೊಡಬಹುದು. ಒಂದು ದುಬಾರಿ ಅಂಗಿಗಿಂತ ಆರು ಸಾದಾ ಜಬ್ಲಾ ಮೇಲು. ಒಂದು ಒದ್ದೆಯಾದರೆ ಇನ್ನೊಂದು ಇರುತ್ತದೆ. ಹೊಸ ಬಟ್ಟೆಯನ್ನು ಒಮ್ಮೆ ಒಗೆದು ಬಿಸಿಲಿಗೆ ಒಣಗಿಸಿ ಕೊಡಿ.

ಮಗುವಿನ ತೂಕ ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ: ಅಂಥ ಮಗುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕ್ರಮಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಇದು ಶುರುವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ತಾಯಂದಿರಿಗೆ ಮುಟ್ಟಿಸುವ ದೊಡ್ಡ ಕೆಲಸ ನಡೆದಿದೆ. ಇದಕ್ಕೆ ಯಂತ್ರ ಬೇಡ. ಮುಂದೆ ತೆರೆಯುವ ನೈಟಿ, ಕಟ್ಟಲು ಒಂದು ಬಟ್ಟೆ, ಮತ್ತು ತಾಯಿಗೆ ಬಿಡುವು ಬೇಕು. ದಿನಕ್ಕೆರಡು ಕೊಡ ನೀರು ತಂದುಕೊಟ್ಟರೆ, ದೊಡ್ಡ ಮಗುವನ್ನು ಅಂಗನವಾಡಿಗೆ ಬಿಟ್ಟು ಬಂದರೆ ಆ ಬಿಡುವು ಸಿಗುತ್ತದೆ. ಕಾಸಿಲ್ಲದವರೂ ಈ ಉಡುಗೊರೆ ಕೊಡಬಹುದು.

ಆರು ತಿಂಗಳ ತನಕ: ತಾಯಿಗೆ ಊಟದ ಸಾಮಾನು ಕೊಡಿ. ರಾಗಿ, ಹೆಸರುಕಾಳು, ಬೆಲ್ಲ, ಮೊಟ್ಟೆ, ಸೊಪ್ಪು, ಆ ಮನೆಯವರು ಏನು ತಿನ್ನುತ್ತಾರೋ ಅದು. ಲಸಿಕೆ ಸರ್ಕಾರದಿಂದ ಉಚಿತ. ಹುಟ್ಟಿದಾಗ, ಆಮೇಲೆ 6, 10, 14ನೇ ವಾರ, ಮತ್ತೆ 9ನೇ ತಿಂಗಳಲ್ಲಿ ಹಾಕಿಸಬೇಕು. ಆದರೆ ಮಗುವಿಗೆ ಹುಷಾರಿಲ್ಲದಾಗ ಹುಲಿಯೂರುದುರ್ಗದಿಂದ ಕುಣಿಗಲ್‌ಗೋ ತುಮಕೂರಿಗೋ ಹೋಗಬೇಕಾದರೆ ಬಸ್ಸಿನ ಖರ್ಚಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಆ ಹಣವನ್ನು ಲಕೋಟೆಯಲ್ಲಿ ಹಾಕಿ ಕೊಡುವುದು ದೊಡ್ಡ ಉಪಕಾರ.

ಆರು ತಿಂಗಳಾದ ಮೇಲೆ: ತಾಯಿಯ ಹಾಲಿನ ಜೊತೆ ಬೇರೆ ಆಹಾರ ಶುರು. ಪ್ಯಾಕೆಟ್ ಆಹಾರಕ್ಕಿಂತ ನಮ್ಮ ರಾಗಿ ಸರಿ ಮೇಲು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸುವುದು ಅಜ್ಜಿಯರಿಗೆಲ್ಲ ಗೊತ್ತು. ಅವರಿಗೆ ಒಳ್ಳೆಯ ರಾಗಿ ತಂದುಕೊಡಿ, ಜೊತೆಗೆ ಮಗುವಿಗೆಂದೇ ಒಂದು ಸ್ಟೀಲ್ ಬಟ್ಟಲು, ಚಿಕ್ಕ ಚಮಚ.

ಇವನ್ನು ಕೊಡಬೇಡಿ

ಜೇನುತುಪ್ಪ: ಘುಟ್ಟಿ ಎಂದು ನಮ್ಮ ನಾನಿಯ ಕಾಲದಲ್ಲಿ ಕೊಡುತ್ತಿದ್ದರು. ಒಂದು ವರ್ಷ ತುಂಬುವ ತನಕ ಬೇಡ ಎನ್ನುತ್ತಾರೆ ವೈದ್ಯರು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಮಗುವಿನ ಸ್ನಾಯುಗಳನ್ನು ಸೋಲಿಸುವ ಕಾಯಿಲೆ ತರಬಲ್ಲದು. ಕಾಡಿಗೆ, ಸುರ್ಮಾ: ಕೆಲವದರಲ್ಲಿ ಸೀಸ ಇರುತ್ತದೆ. ಪೌಡರ್: ಮಗುವಿನ ಉಸಿರಿನೊಳಗೆ ಹೋಗುತ್ತದೆ. ವಾಕರ್: ಮಗು ಉರುಳಿ ಪೆಟ್ಟಾಗುತ್ತದೆ ಎಂದು ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಆಟಿಕೆ ಕೊಡಲೇಬೇಕೆಂದರೆ ಬಾಯಿಗೆ ಹೋಗುವಷ್ಟು ಚಿಕ್ಕ ಭಾಗಗಳಿಲ್ಲದ್ದು, ಐಎಸ್‌ಐ ಗುರುತು ಇರುವುದನ್ನು ನೋಡಿ ಕೊಳ್ಳಿ. 2021ರ ಜನವರಿಯಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯ.

ಯಾರನ್ನು ಕೇಳುವುದು, ಹೇಗೆ ಕೊಡುವುದು

ಮೊದಲು ತಾಯಿಯನ್ನೇ ಕೇಳಬೇಕು. "ಏನು ಬೇಕು?" ಎಂದರೆ ಸಂಕೋಚದಿಂದ "ಏನೂ ಬೇಡ" ಅನ್ನುತ್ತಾರೆ. "ಬಟ್ಟೆ ತರಲಾ, ಪರದೆ ತರಲಾ?" ಎಂದು ಕೇಳಿದರೆ ಹೇಳುತ್ತಾರೆ. ಕೇಳಲು ಆಗದಿದ್ದರೆ ಆಶಾ ಕಾರ್ಯಕರ್ತೆಯರು ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಿ ನೋಡುತ್ತಾರೆ. ಯಾವ ಮನೆಯಲ್ಲಿ ಏನು ಇಲ್ಲ ಎಂದು ಅವರಿಗೆ ಗೊತ್ತು. ಅಂಗನವಾಡಿ ಟೀಚರನ್ನೂ ಕೇಳಬಹುದು.

ಫೋಟೋ ತೆಗೆಯಬೇಡಿ, ಸ್ಟೇಟಸ್ ಹಾಕಬೇಡಿ. ಆ ಮಗು ನಾಳೆ ನಮ್ಮ ಕಾಲೇಜಿಗೇ ಬರಬಹುದು.

ಸಮಯವೂ ಮುಖ್ಯ. ಈದ್‌ಗೆ ಮೊದಲು ಹುಟ್ಟಿದ ಹಸುಗೂಸಿನ ಲೆಕ್ಕದಲ್ಲೂ ನಮ್ಮ ಹಿರಿಯರು ಫಿತ್ರಾ ತೆಗೆಯುತ್ತಾರೆ, ಅದನ್ನು ಈದ್ ನಮಾಜಿಗೆ ಮುಂಚೆಯೇ ಮುಟ್ಟಿಸುತ್ತಾರೆ. ಬಡ ಮನೆಯಲ್ಲೂ ಅದೇ ದಿನ ಹಬ್ಬವಾಗಲಿ ಎಂದು. ಉಡುಗೊರೆಗೂ ಅದೇ ಮಾತು. ಜಕಾತ್ ಯಾರಿಗೆ ಸಲ್ಲಬೇಕು ಎಂಬುದಕ್ಕೆ ನಿಯಮಗಳಿವೆ, ಅದನ್ನು ತಿಳಿದವರಲ್ಲಿ ಕೇಳಿ ಬೇರೆಯಾಗಿ ಇಡಿ. ನಾವು ಸೇರಿಸುವುದು ಸದಕಾ. ಅದನ್ನು ಯಾವ ಧರ್ಮದ, ಯಾವ ಬೀದಿಯ ಮಗುವಿಗೂ ಕೊಡಬಹುದು, ರಂಜಾನ್‌ಗೂ ಕೊಡಬಹುದು, ಯುಗಾದಿಗೂ ಕೊಡಬಹುದು.

ಕೊನೆಗೆ ನಮ್ಮ ಲೆಕ್ಕ ಸರಿಪಡಿಸಿದ್ದನ್ನೂ ಹೇಳುತ್ತೇನೆ. ಬಿಲ್ ಇಟ್ಟುಕೊಂಡಿದ್ದರಿಂದ ಫ್ರಾಕನ್ನು ಅಂಗಡಿಯವರು ವಾಪಸ್ ತೆಗೆದುಕೊಂಡರು. ಆ 550 ರೂಪಾಯಿಗೆ ಜಬ್ಲಾ, ಲಂಗೋಟಿ ಬಟ್ಟೆ, ಒಂದು ಕುಲಾವಿ ಬಂತು. ಉಳಿದ 1,550 ರೂಪಾಯಿಯನ್ನು ನಮ್ಮ ಪುಸ್ತಕದಲ್ಲಿ ನಷ್ಟ ಎಂದೇ ಬರೆದಿದ್ದೇವೆ. ಈ ವರ್ಷ ಹಣ ಸೇರಿಸುವ ತರಗತಿಯವರು ಆ ಪುಟವನ್ನು ಒಮ್ಮೆ ನೋಡಲಿ. ಮುಂದಿನ ಸಲ ಹಸುಗೂಸಿರುವ ಮನೆಗೆ ಹೋಗುವಾಗ ಮೊದಲ ದಿನ ಬರಿಗೈಯಲ್ಲಿ ಹೋಗಿ, ಕೇಳಿಕೊಂಡು ಬನ್ನಿ. ಸಾಮಾನು ಎರಡನೇ ದಿನ ತಂದರಾಯಿತು.