ಬೆಳೆಯದ ಕಲ್ಲು, ಬೆಳೆಯುವ ಚೀಲ

ಗಂಗಾವತಿ ಕಡೆಯ ನವಲಿಯಲ್ಲಿ ನಾನು ನೋಡಿದ ಜಿಮ್ಮಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ತಿಂಗಳ ಫೀಜೂ ಇಲ್ಲ. ಒಂದು ಬೇವಿನ ಮರ, ಅದರ ಬುಡದಲ್ಲಿ ನಾಲ್ಕಡಿ ಉದ್ದದ ನೀರಿನ ಪೈಪು, ಪೈಪಿನ ಎರಡೂ ತುದಿಗೆ ಕಾಂಕ್ರೀಟು ತುಂಬಿ ಒಣಗಿಸಿದ ನಾಲ್ಕು ಲೀಟರಿನ ಪೇಂಟ್ ಡಬ್ಬಿ. ಕಾಂಕ್ರೀಟು ಲೀಟರಿಗೆ ಹೆಚ್ಚೂಕಡಿಮೆ 2.4 ಕಿಲೋ ತೂಗುತ್ತದೆ. ಡಬ್ಬಿಗೆ ಒಂಬತ್ತು ಹತ್ತು ಕಿಲೋ, ಪೈಪು ಸೇರಿ ಒಟ್ಟು 22. ಇದರ ಯಜಮಾನ ಡಿಗ್ರಿ ಓದುವ ಹುಡುಗ. ಅವನದೇ ತೂಕ 54 ಕಿಲೋ.

‘ಮೊದಲನೇ ತಿಂಗಳು ಚೊಲೋ ಇತ್ರಿ ಅಣ್ಣಾರ. ಹತ್ತು ಸಲ ಎತ್ತೂದ್ರಾಗ ಸುಸ್ತಾಗತಿದ್ದೆ. ಈಗ ನಲವತ್ತು ಸಲ ಎತ್ತತೀನಿ, ತೋಳು ಮಾತ್ರ ಹಂಗ ಅದಾವ,’ ಅಂದ.

ಅವನ ತೊಡಕು ಹೊಸದೇನಲ್ಲ. ನಮ್ಮ ಭಾಗದಲ್ಲಿ ಹನುಮಪ್ಪನ ಗುಡಿಯ ಮುಂದೆಯೋ ಗರಡಿ ಮನೆಯ ಪಕ್ಕದಲ್ಲೋ ದುಂಡನೆಯ ಗುಂಡುಕಲ್ಲು ಬಿದ್ದಿರುತ್ತದೆ. ಕೆಲವು ಕಡೆ ಹಿಡಿಕೆ ಕೊರೆದ ಸಂಗ್ರಾಣಿ ಕಲ್ಲು ಇರುತ್ತದೆ. ಕಾರಹುಣ್ಣಿಮೆಗೋ ಜಾತ್ರೆಗೋ ಅದನ್ನು ಎತ್ತುವ ಪಂದ್ಯ ನಡೆಯುತ್ತದೆ, ಜೋಳದ ಚೀಲ ಹೊತ್ತು ನಡೆಯುವ ಪಂದ್ಯವೂ ಉಂಟು. ಎತ್ತಿದವನಿಗೆ ಬೆಳ್ಳಿ ಕಡಗ, ಎತ್ತದವನಿಗೆ ನೆರೆದವರ ನಗೆ. ಶಕ್ತಿಯನ್ನು ಅಳೆಯಲು ಕಲ್ಲು ಬಹಳ ಒಳ್ಳೆಯದು. ಬೆಳೆಸಲು ಅಷ್ಟು ಒಳ್ಳೆಯದಲ್ಲ. ಮೊದಲ ದಿನ ಅದು ಅಲುಗುವುದೇ ಇಲ್ಲ, ಎದೆಮಟ್ಟ ಬಂದ ಮೇಲೆ ಅದರಿಂದ ಕಲಿಯುವುದೇನೂ ಉಳಿಯುವುದಿಲ್ಲ. ಯಾಕೆಂದರೆ ಕಲ್ಲು ಬೆಳೆಯುವುದಿಲ್ಲ.

‘ಹಮಾಲರು ದಿನಾ ಚೀಲ ಹೊರತಾರಲ್ಲ, ಅವರಿಗೆ ಯಾವ ಜಿಮ್ಮು?’ ಎಂದು ಕೇಳುವವರಿದ್ದಾರೆ. ಭತ್ತದ ಕಣಜ ಎನ್ನಿಸಿಕೊಂಡ ಗಂಗಾವತಿಯಲ್ಲಿ ಭತ್ತದ ಲೆಕ್ಕ ನಡೆಯುವುದು 75 ಕಿಲೋ ಚೀಲದಲ್ಲಿ. ಲಾರಿಗೆ ಲೋಡು ಮಾಡುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: ‘ಕಾಕಾ, ಇಪ್ಪತ್ತು ವರ್ಷದಾಗ ಶಕ್ತಿ ಎಷ್ಟು ಹೆಚ್ಚಾತ್ರಿ?’ ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ‘ಹೆಚ್ಚಾಗೂದೇನ್ ಬಂತು ತಮ್ಮಾ. ಚೀಲ ಅಷ್ಟ ಐತಿ, ನಾನೂ ಅಷ್ಟ ಅದೀನಿ. ಮೊಣಕಾಲು ನೋವಷ್ಟ ಹೆಚ್ಚಾಗೇತಿ,’ ಅಂದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರದಿರಲಿ ಎಂದು ಶಿಫಾರಸು ಮಾಡಿದೆ. ಹಮಾಲಿಯನ್ನು ವ್ಯಾಯಾಮ ಎಂದು ಹೊಗಳುವವರು ಒಂದು ದಿನ ಹತ್ತು ಚೀಲ ಹೊತ್ತು ನೋಡಬೇಕು.

ಕಾಕಾನ ಮಾತಿನಲ್ಲಿ ವ್ಯಾಯಾಮ ವಿಜ್ಞಾನದ ಮೂಲಸೂತ್ರವೇ ಇದೆ. ದೇಹ ಜಿಪುಣ. ಈಗ ಬೀಳುತ್ತಿರುವ ಹೊರೆಗೆ ಎಷ್ಟು ಬೇಕೋ ಅಷ್ಟೇ ಸ್ನಾಯು ಕಟ್ಟಿಕೊಳ್ಳುತ್ತದೆ, ಒಂದು ಗುಂಜಿಯೂ ಹೆಚ್ಚಿಲ್ಲ. ಸ್ನಾಯುವನ್ನು ಸಾಕುವುದು ದುಬಾರಿ, ಅದು ಸುಮ್ಮನಿದ್ದರೂ ಅನ್ನ ಬೇಡುತ್ತದೆ. ಹೊರೆ ಏರಿದರೆ ಮಾತ್ರ ದೇಹ ಗಂಟು ಬಿಚ್ಚುತ್ತದೆ.

ಇದನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಿ ಬರೆದಿಟ್ಟವರಲ್ಲಿ ಮೊದಲಿಗರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಷಿಕಾಗೋದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಹಗುರ ಭಾರವನ್ನು ಬಹಳ ಸಲ ಎತ್ತಿಸುವುದು ಆಗಿನ ಪದ್ಧತಿ. ಡಿಲಾರ್ಮ್ ಅದನ್ನು ತಿರುಗಿಸಿ ಹಾಕಿದರು. ಹತ್ತು ಸಲ ಎತ್ತುವಷ್ಟರಲ್ಲಿ ಸಾಕುಬೇಕಾಗುವ ಭಾರ ಎಷ್ಟೆಂದು ಕಂಡುಹಿಡಿಯುವುದು, ಅದನ್ನೇ ಎತ್ತಿಸುವುದು, ಶಕ್ತಿ ಬಂದ ಹಾಗೆ ಭಾರ ಏರಿಸುವುದು. ಬತ್ತಿಹೋದ ತೊಡೆಗಳು ತುಂಬಿಕೊಂಡವು. 1945ರಲ್ಲಿ ಅವರು ಪ್ರಕಟಿಸಿದ ಬರಹದಿಂದ ವೈದ್ಯರು ಭಾರ ಎತ್ತುವುದನ್ನು ಚಿಕಿತ್ಸೆ ಎಂದು ಕಾಣತೊಡಗಿದರು. ಡಿಲಾರ್ಮ್ ಅವರು ಹುಡುಗರಾಗಿದ್ದಾಗ ಸಂಧಿವಾತ ಜ್ವರದಿಂದ ಹಾಸಿಗೆ ಹಿಡಿದು, ಎದ್ದ ಮೇಲೆ ಭಾರ ಎತ್ತಿಯೇ ಚೇತರಿಸಿಕೊಂಡವರು.

ಇದಕ್ಕಿಂತ ಬಹಳ ಹಳೆಯದು ಗ್ರೀಕ್ ಜಟ್ಟಿ ಮೈಲೋನ ಕತೆ. ಹುಟ್ಟಿದ ಹೋರಿಗರುವನ್ನು ದಿನಾ ಹೆಗಲ ಮೇಲೆ ಹೊತ್ತನಂತೆ. ಕರು ಬೆಳೆಯಿತು, ಮೈಲೋನೂ ಬೆಳೆದ, ಕೊನೆಗೆ ಎತ್ತನ್ನೇ ಹೊತ್ತ. ದನ ಕಟ್ಟಿದ ಮನೆಯವರು ಈ ಕತೆಯನ್ನು ಅರ್ಧ ಮಾತ್ರ ನಂಬಿಯಾರು. ಕರು ಒಂದೇ ಸಮನೆ ಬೆಳೆಯುತ್ತ ಹೋಗುತ್ತದೆ, ಮನುಷ್ಯನ ಶಕ್ತಿ ಹಾಗೆ ಏರುವುದಿಲ್ಲ. ವಾರಕ್ಕೆ ಮೂರು ದಿನ, ಪ್ರತಿ ಸಲ ಎರಡೂವರೆ ಕಿಲೋ ಏರಿಸುತ್ತ ಹೋದರೆ ವರ್ಷಕ್ಕೆ 390 ಕಿಲೋ ಆಗುತ್ತದೆ. ಹಾಗಾಗುವಂತಿದ್ದರೆ ನವಲಿಯ ಹುಡುಗ ಮುಂದಿನ ಕಾರಹುಣ್ಣಿಮೆಗೆ ಬಂಡಿಯನ್ನೇ ಎತ್ತುತ್ತಿದ್ದ.

ಮೊದಲ ಎರಡು ತಿಂಗಳು ಏರಿಕೆ ದಡದಡನೆ ಇರುತ್ತದೆ. ಆಗ ಬೆಳೆಯುವುದು ಸ್ನಾಯುವಿಗಿಂತ ಹೆಚ್ಚಾಗಿ ನರಗಳ ಹಿಡಿತ. ನಮ್ಮ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳಿವೆ. ಒಳಹರಿವು ಏರಿದ ಹಾಗೆ ಒಂದೊಂದಾಗಿ ತೆರೆಯುತ್ತಾರೆ. ಸ್ನಾಯುವಿನ ಒಳಗೂ ಇಂಥ ಗೇಟುಗಳಿವೆ ಅನ್ನಿ. ಒಂದು ನರಕೋಶ, ಅದರ ಅಂಕೆಯಲ್ಲಿರುವ ತಂತುಗಳು ಸೇರಿ ಒಂದು ಗೇಟು. ಚಹಾದ ಕಪ್ಪು ಎತ್ತುವಾಗ ಚಿಕ್ಕ ಗೇಟುಗಳು ಮಾತ್ರ ತೆರೆಯುತ್ತವೆ, ಭಾರ ಏರಿದಂತೆ ದೊಡ್ಡವು. ಅಭ್ಯಾಸವಿಲ್ಲದವನಲ್ಲಿ ಕೊನೆಯ ದೊಡ್ಡ ಗೇಟುಗಳು ತುಕ್ಕು ಹಿಡಿದಂತಿರುತ್ತವೆ, ಮೆದುಳು ಎಷ್ಟು ಕೂಗಿದರೂ ಪೂರ್ತಿ ತೆರೆಯುವುದಿಲ್ಲ. ಭಾರ ಎತ್ತುತ್ತ ಎತ್ತುತ್ತ ಅವು ಸಡಿಲಾಗುತ್ತವೆ. ತೋಳಿನ ಸುತ್ತಳತೆ ಬದಲಾಗದೆಯೂ ಹುಡುಗ ಹತ್ತರಿಂದ ನಲವತ್ತಕ್ಕೆ ಹೋದದ್ದರಲ್ಲಿ ಇದರ ಪಾಲು ದೊಡ್ಡದು. ಆಮೇಲೆ ತಂತುಗಳೇ ದಪ್ಪವಾಗಬೇಕು. ಅದು ವಾರದ ಮಾತಲ್ಲ, ತಿಂಗಳುಗಳ ಮಾತು. ನಲವತ್ತು ಸಲ ಎತ್ತಬಹುದಾದ ಭಾರದಿಂದ ಬೆಳೆಯುವುದು ಹೆಚ್ಚಾಗಿ ದಣಿಯದ ಗುಣ.

ವರ್ಷಗಳು ಕಳೆದ ಮೇಲೆ ಏರಿಕೆ ಎಷ್ಟು ನಿಧಾನವಾಗುತ್ತದೆ ಎಂಬುದಕ್ಕೆ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಅವರನ್ನು ನೋಡಬೇಕು. ಕುಸ್ತಿಯಿಂದ ಭಾರ ಎತ್ತುವುದಕ್ಕೆ ಬಂದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆಮೇಲೆ ತೂಕದ ವಿಭಾಗಗಳೇ ಬದಲಾದವು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ ಕಣಕ್ಕಿಳಿದು 269 ಕಿಲೋ ಎತ್ತಿ ಕಂಚು ತಂದರು. ನಾಲ್ಕು ವರ್ಷ, ಕೋಚು, ಕ್ಯಾಂಪು, ಒಂದು ವಿಭಾಗ ಮೇಲಕ್ಕೆ ಹೋದ ಮೈತೂಕ, ಇಷ್ಟೆಲ್ಲ ಆಗಿ ಎರಡು ಎತ್ತುಗಳಲ್ಲಿ ಸೇರಿ ಏರಿದ್ದು 20 ಕಿಲೋ. ಹೊಸಬ ಇದೇ 20 ಕಿಲೋವನ್ನು ಬಸ್ಕಿಯಲ್ಲಿ ಎರಡು ತಿಂಗಳಲ್ಲಿ ಏರಿಸಿ, ಮೂರನೇ ತಿಂಗಳು ನಿಂತುಹೋಯಿತಲ್ಲ ಎಂದು ಪೇಚಾಡುತ್ತಾನೆ.

ಹುಡುಗನಿಗೆ ನಾನು ಹೇಳಿದ್ದು ಕಡಿಮೆ. ಡಬ್ಬಿಯಲ್ಲಿ ಕಾಂಕ್ರೀಟು ಬೆಳೆಯುವುದಿಲ್ಲ, ಆದರೆ ಪೈಪಿಗೆ ಮರಳಿನ ಚೀಲ ಕಟ್ಟಬಹುದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದು ಕಿಲೋ ತೂಗಿ ಬಟ್ಟೆ ಚೀಲಗಳಿಗೆ ಮರಳು ತುಂಬಿಸಿದ. ಎರಡು ತುದಿಗೆ ಒಂದೊಂದು, ಅಂದರೆ ಒಂದು ಏರಿಕೆಗೆ ಎರಡು ಕಿಲೋ. ಹೆಗಲ ಮೇಲಿಟ್ಟು ಬಸ್ಕಿ, ನೆಲದಿಂದ ಎತ್ತುವುದು, ತಲೆಯ ಮೇಲಕ್ಕೆ ನೂಕುವುದು, ಬಗ್ಗಿ ಹೊಟ್ಟೆಯತ್ತ ಎಳೆದುಕೊಳ್ಳುವುದು. ಒಂದೊಂದೂ ಎಂಟರಿಂದ ಹನ್ನೆರಡು ಸಲ, ಹೀಗೆ ಮೂರು ಸುತ್ತು. ಇನ್ನೆರಡು ಸಲ ಎತ್ತಬಹುದು ಅನ್ನಿಸುವಾಗಲೇ ಇಳಿಸಬೇಕು. ಮೂರು ಸುತ್ತಿನಲ್ಲೂ ಹನ್ನೆರಡು ಮುಟ್ಟಿದ ದಿನ ಚೀಲ ಸೇರಿಸಬೇಕು. ವಾರಕ್ಕೆ ಮೂರು ದಿನ ಸಾಕು, ಎತ್ತಿದ ಮೇಲೆ ಒಂದೆರಡು ದಿನ ಸ್ನಾಯು ಒಳಗೊಳಗೇ ತನ್ನನ್ನು ಕಟ್ಟಿಕೊಳ್ಳುತ್ತಿರುತ್ತದೆ. ಬಿಪಿ, ಹರ್ನಿಯಾ ಇದ್ದವರು ಡಾಕ್ಟರರ ಮುಖ ನೋಡಿಯೇ ಪೈಪು ಮುಟ್ಟುವುದು ಒಳ್ಳೆಯದು. ಮರುದಿನದ ಮೈಕೈ ನೋವು ಲ್ಯಾಕ್ಟಿಕ್ ಆಮ್ಲದ್ದು ಎಂದು ಈಗಲೂ ಜಿಮ್ಮುಗಳಲ್ಲಿ ಹೇಳುತ್ತಾರೆ. ಅದು ಒಂದೆರಡು ತಾಸಿನಲ್ಲೇ ರಕ್ತದಿಂದ ಹೋಗಿಬಿಟ್ಟಿರುತ್ತದೆ. ನೋವು ರೂಢಿಯಿಲ್ಲದ ಕೆಲಸಕ್ಕೆ ತಂತುಗಳು ತೆರುವ ಸುಂಕ, ಮುಂದಿನ ಸಲ ಕಡಿಮೆಯಾಗುತ್ತದೆ.

ಎತ್ತುವಾಗ ಅವನು ಮಾಡುತ್ತಿದ್ದ ಒಂದು ತಪ್ಪು ಮಾತ್ರ ನನ್ನನ್ನು ಹೆದರಿಸಿತು. ಪೈಪನ್ನು ಕಾಲಿನಿಂದ ಒಂದೂವರೆ ಅಡಿ ದೂರ ಇಟ್ಟುಕೊಂಡು ಬೆನ್ನು ಬಗ್ಗಿಸಿ ಎಳೆಯುತ್ತಿದ್ದ. ಇಲ್ಲಿ ಒಂದು ಸರಳ ಲೆಕ್ಕವಿದೆ. ಸೊಂಟದ ಬಳಿಯ ಬೆನ್ನೆಲುಬಿನ ಕೀಲಿನಿಂದ ಬೆನ್ನಿನ ಸ್ನಾಯು ಇರುವುದು ಸುಮಾರು 5 ಸೆಂಟಿಮೀಟರ್ ಹಿಂದೆ. ಭಾರ ಇರುವುದು 50 ಸೆಂಟಿಮೀಟರ್ ಮುಂದೆ. ಏತದ ಕೋಲಿನ ನ್ಯಾಯವೇ ಇಲ್ಲಿಯೂ. 20 ಕಿಲೋ ಭಾರವನ್ನು ಸರಿದೂಗಿಸಲು ಆ ಸ್ನಾಯು ಹತ್ತು ಪಟ್ಟು, ಅಂದರೆ 200 ಕಿಲೋದಷ್ಟು ಜಗ್ಗಬೇಕು. ಅವನ ಸ್ವಂತ ಮೈಭಾರ ಇನ್ನೂ ಬೇರೆ. ಪೈಪನ್ನು 25 ಸೆಂಟಿಮೀಟರಿಗೆ ಎಳೆದುಕೊಂಡರೆ ಈ ಹೊರೆ ಅರ್ಧಕ್ಕಿಳಿಯುತ್ತದೆ. ಹಮಾಲ ಕಾಕಾ ಚೀಲವನ್ನು ಎರಡು ಕೈಯಲ್ಲಿ ಮುಂದೆ ಹಿಡಿಯದೆ ಬೆನ್ನ ಮೇಲೆ ಹಾಕಿಕೊಳ್ಳುವುದು, ನಮ್ಮ ಹೆಣ್ಣುಮಕ್ಕಳು ಕೊಡವನ್ನು ತಲೆಗೋ ಟೊಂಕಕ್ಕೋ ಏರಿಸುವುದು ಇದೇ ಲೆಕ್ಕದಿಂದ. ಅವರು ಯಾರೂ ಇದನ್ನು ಪುಸ್ತಕದಲ್ಲಿ ಓದಿದವರಲ್ಲ.

ಇನ್ನು ಮೈತೂಕ. ಅದಕ್ಕೆ ಬೇಕಾದ ಊಟಕ್ಕೆ ಗರಡಿಯಲ್ಲಿ ಖುರಾಕು ಅನ್ನುತ್ತಾರೆ. ಬದಾಮಿ, ತುಪ್ಪ, ಹಾಲು ಎಂದು ಪೈಲ್ವಾನರ ಖುರಾಕಿನ ಪಟ್ಟಿ ಕೇಳಿಯೇ ಬಡವರ ಮಕ್ಕಳು ಹಿಂದೆ ಸರಿಯುತ್ತಾರೆ. ಅಷ್ಟು ಬೇಕಿಲ್ಲ. ಭಾರ ಎತ್ತುವವನಿಗೆ ಮೈತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಸಿಕ್ಕರೆ ಸಾಕು, ಅದಕ್ಕೂ ಮೀರಿ ತಿಂದರೆ ದೊಡ್ಡ ಲಾಭವಿಲ್ಲ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡ ಅಂದಾಜು. 54 ಕಿಲೋ ಹುಡುಗನಿಗೆ 86 ಗ್ರಾಂ ಆಯಿತು. ಕಾಲು ಕಿಲೋ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 25 ಗ್ರಾಂ, ನೂರು ಗ್ರಾಂ ಬೇಳೆ-ಕಾಳಿನಲ್ಲಿ 22, ಐವತ್ತು ಗ್ರಾಂ ಶೇಂಗಾದಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16, ಎರಡು ಮೊಟ್ಟೆಯಲ್ಲಿ 12. ಮುಗಿಯಿತು ಲೆಕ್ಕ. ರೊಟ್ಟಿಯ ಪಕ್ಕದಲ್ಲಿ ಮಡಕಿಕಾಳಿನ ಪಲ್ಯ, ಮೇಲೆ ಶೇಂಗಾ ಚಟ್ನಿ ಇದ್ದರೆ ಡಬ್ಬಿಯ ಪೌಡರು ಬೇಕಾಗಿಲ್ಲ. ಆ ಪೌಡರಿನಲ್ಲಿರುವುದೂ ಬಹುಪಾಲು ಹಾಲಿನ ಪ್ರೋಟೀನೇ. ತೊಂದರೆಯಿರುವುದು ಮೂರು ಹೊತ್ತೂ ಅನ್ನ-ತಿಳಿಸಾರು ಉಣ್ಣುವ ಮನೆಗಳಲ್ಲಿ. ಭತ್ತದ ಕಣಜದ ಮಗ್ಗುಲಲ್ಲೇ ಇದು ಹೆಚ್ಚು ಕಾಣುತ್ತದೆ.

ತೂಕ ಏರಬೇಕೆಂದರೆ ಖರ್ಚಿಗಿಂತ ಒಂದಿಷ್ಟು ಹೆಚ್ಚು ಉಣ್ಣಬೇಕು. ಒಂದು ಹಿಡಿ ಶೇಂಗಾ, ಒಂದು ಬಾಳೆಹಣ್ಣು ಸೇರಿದರೆ ಮುನ್ನೂರು ನಾಲ್ಕುನೂರು ಕ್ಯಾಲೊರಿ ಆಗುತ್ತದೆ. ಮೊದಲ ಹದಿನೈದು ದಿನದಲ್ಲೇ ಕಾಟಾ ಒಂದೂವರೆ ಕಿಲೋ ಹೆಚ್ಚು ತೋರಿಸಿದರೆ ಅದನ್ನು ಸ್ನಾಯು ಎಂದು ತಿಳಿಯಬಾರದು. ಸ್ನಾಯು ಕೂಡಿಡುವ ಒಂದು ಗ್ರಾಂ ಗ್ಲೈಕೋಜೆನ್ ಮೂರು ಗ್ರಾಂನಷ್ಟು ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ತಿಂಗಳಿಗೆ ಒಂದು ಕಿಲೋ ಏರಿದರೂ ಒಳ್ಳೆಯ ಗತಿಯೇ. ಅವಸರಕ್ಕೆ ಉಂಡದ್ದು ಹೊಟ್ಟೆಯ ಸುತ್ತ ಕೂರುತ್ತದೆ.

‘ಇದೆಲ್ಲ ಪರದೇಶದ ಶೋಕಿ’ ಎನ್ನುವವರಿಗೆ ಕೆ.ವಿ. ಅಯ್ಯರ್ ನೆನಪಾಗಬೇಕು. ಕನ್ನಡಿಗರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಬರೆದ ಕಾದಂಬರಿಕಾರರು. ಅದೇ ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರು, 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದವರು, ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದವರು. ಅಂಚೆಯ ಮೂಲಕವೇ ವ್ಯಾಯಾಮದ ಪಾಠ ಕಳಿಸುತ್ತಿದ್ದರು.

ಹುಡುಗನ ಅಜ್ಜಿ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಏಳುವಾಗ ಎರಡು ಕೈ ಊರಬೇಕು. ಅದನ್ನು ನೋಡಿ ನನಗೆ ಜಲಾಶಯದ ಹೂಳು ನೆನಪಾಯಿತು. ನವಲಿ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಸಮತೋಲನ ಜಲಾಶಯದ ಯೋಜನೆ. ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ, ಆ ಕೊರತೆ ತುಂಬಲೆಂದೇ ಈ ಯೋಜನೆಯ ಮಾತು. ಮೂವತ್ತು ದಾಟಿದ ಮೈಯಲ್ಲೂ ಹೀಗೆಯೇ ಸದ್ದಿಲ್ಲದೆ ಸ್ನಾಯು ಕರಗುತ್ತ ಬರುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಆದರೆ ಈ ಹೂಳು ಸ್ವಲ್ಪ ಮಟ್ಟಿಗೆ ತೆಗೆಯಬಲ್ಲಂಥದು. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಅಮೆರಿಕದ ವೃದ್ಧಾಲಯವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಂದ ಎಂಟು ವಾರ ಕಾಲಿನ ಭಾರ ಎತ್ತಿಸಿದರು. ಕೊನೆವರೆಗೆ ಉಳಿದವರ ಕಾಲಿನ ಶಕ್ತಿ ಸರಾಸರಿ ಶೇ 174ರಷ್ಟು ಏರಿತ್ತು. ಅಜ್ಜಿಗೆ ಇದನ್ನು ಹೇಳಿದೆ. ‘ನನಗ್ಯಾಕೋ ಪೈಪು,’ ಎಂದು ನಕ್ಕಳು. ಕೈ ಊರದೆ ಕಟ್ಟೆಯಿಂದ ಹತ್ತು ಸಲ ಎದ್ದು ಕೂರುವುದಕ್ಕೆ ಮಾತ್ರ ಒಪ್ಪಿದಳು, ಆರನೆಯದಕ್ಕೆ ಮೊಮ್ಮಗನ ಹೆಗಲು ಹಿಡಿದಳು.

ಮೊನ್ನೆ ಹೋದಾಗ ಹುಡುಗ ನೋಟ್‌ಬುಕ್ಕು ತೋರಿಸಿದ. ಬಸ್ಕಿಯ ಕಾಲಂನಲ್ಲಿ 22, 24, 26 ಎಂದು ಶುರುವಾಗಿ 44ರ ತನಕ ಬಂದಿದೆ. ಅದರ ಕೆಳಗೆ ಹನ್ನೆರಡು ದಿನ ಖಾಲಿ, ಅಡ್ಡಲಾಗಿ ‘ಬಿತ್ತಿಗಿ, ಎತ್ತಿಲ್ಲ’ ಎಂದು ಬರೆದಿದ್ದಾನೆ. ಎಲ್ಲಾ ಹಾಳಾಯಿತು ಎಂದುಕೊಂಡಿದ್ದನಂತೆ. ಎರಡು ಮೂರು ವಾರ ಬಿಟ್ಟರೆ ಶಕ್ತಿ ಅಷ್ಟೇನೂ ಇಳಿಯುವುದಿಲ್ಲ. ಖಾಲಿ ಸಾಲುಗಳ ಕೆಳಗೆ ಮತ್ತೆ 44, ಅದರ ಕೆಳಗೆ 46 ಇತ್ತು. ಮರಳು ಮುಗಿದದ್ದರಿಂದ ಕೊನೆಯ ಎರಡು ಚೀಲಕ್ಕೆ ಜೋಳ ತುಂಬಿಕೊಂಡಿದ್ದ. ಅಜ್ಜಿ ಅದನ್ನು ವಾಪಸು ಕೇಳುತ್ತಿದ್ದಳು.